ನಿಬ್ಬು ಮೊದಲು, ಪೆನ್ನು ಆಮೇಲೆ: ದಿನದ ಬರವಣಿಗೆಗೆ ಜಪಾನಿನ ಚಿನ್ನದ ನಿಬ್ಬಿನ ಪೆನ್ನುಗಳ ಹೋಲಿಕೆ

ರ ಅಕ್ಷರದ ನಡುವೆ ಒಂದು ಚುಕ್ಕೆ ಇಟ್ಟರೆ ಠ ಆಗುತ್ತದೆ. ದ ಅಕ್ಷರದ ಹೊಟ್ಟೆ ಸೀಳಿದರೆ ಧ ಆಗುತ್ತದೆ. ಇಷ್ಟು ಸಣ್ಣ ಗುರುತಿನ ಮೇಲೆ ಅರ್ಥ ನಿಂತಿರುವ ಲಿಪಿಯಲ್ಲಿ ದಿನವೂ ಪುಟಗಟ್ಟಲೆ ಬರೆಯುವವರು ದುಬಾರಿ ಶಾಯಿ ಪೆನ್ನೊಂದನ್ನು ಕೊಳ್ಳಲು ಹೊರಟಾಗ, ಆ ಚುಕ್ಕೆಯನ್ನೂ ಆ ಸೀಳನ್ನೂ ನಿಬ್ಬು ಉಳಿಸಿಕೊಡುತ್ತದೆಯೇ ಎಂದು ಎಲ್ಲಕ್ಕಿಂತ ಮೊದಲು ನೋಡಬೇಕು. ನಾನು ಮೊದಲು ಕೊಂಡ ದುಬಾರಿ ಪೆನ್ನು ಯುರೋಪಿನದು. ಅದರ ಮೈಬಣ್ಣ ಮೆಚ್ಚಿ, ಅಂಗಡಿಯಲ್ಲಿದ್ದ ಅಗಲ ನಿಬ್ಬನ್ನೇ ತಂದಿದ್ದೆ. ಇಂಗ್ಲಿಷಿನಲ್ಲಿ ಸಹಿ ಹಾಕುವಾಗ ಬಹಳ ಚೆನ್ನಾಗಿ ಕಾಣುತ್ತಿದ್ದ ಆ ಬರಹ, ಗೆರೆ ನೋಟ್‌ಬುಕ್ಕಿನಲ್ಲಿ "ಸ್ವಾತಂತ್ರ್ಯ" ಎಂದು ಬರೆದ ಕೂಡಲೇ ಕೆಟ್ಟಿತು: ತಕಾರದ ಕೆಳಗಿನ ರಕಾರದ ಒತ್ತು ಮತ್ತು ಯಕಾರದ ಒತ್ತು ಒಂದಕ್ಕೊಂದು ಅಂಟಿ, ಕೆಳಗಿನ ಸಾಲಿನ ಗುಡಿಸಿಗೆ ತಾಗಿ, ಒಂದು ಕಪ್ಪು ಗಂಟಾಗಿ ನಿಂತವು. ಪೆನ್ನಿನಲ್ಲಿ ದೋಷವೇನೂ ಇರಲಿಲ್ಲ. ಆ ನಿಬ್ಬು ನನ್ನ ಅಕ್ಷರದ ಅಳತೆಗೆ ಸಲ್ಲುವುದಾಗಿರಲಿಲ್ಲ, ಅಷ್ಟೆ.

ಜಪಾನಿನ ನಿಬ್ಬುಗಳು ಈ ವಿಷಯದಲ್ಲಿ ನಮಗೆ ಹತ್ತಿರದವು. ಜಪಾನೀ ಲಿಪಿಯ ಕೆಲವು ಕಾಂಜಿ ಅಕ್ಷರಗಳಲ್ಲಿ ಹದಿನೈದು ಇಪ್ಪತ್ತು ಗೆರೆಗಳನ್ನು ಸಣ್ಣ ಚೌಕದೊಳಗೆ ಕೂರಿಸಬೇಕಾದ ಬರವಣಿಗೆಗಾಗಿ ಅಲ್ಲಿನ ನಿಬ್ಬುಗಳು ರೂಪುಗೊಂಡಿರುವುದರಿಂದ, ಯುರೋಪಿನಲ್ಲಿ ಅದೇ ಹೆಸರಿನಿಂದ ಮಾರಾಟವಾಗುವ ನಿಬ್ಬಿಗಿಂತ ಅವು ಸಾಮಾನ್ಯವಾಗಿ ಒಂದು ಮೆಟ್ಟಿಲು ಸಣ್ಣಗೆ ಬರೆಯುತ್ತವೆ; ಜಪಾನಿನ ಮೀಡಿಯಂ (ನಡು ಅಗಲ) ಎಂದರೆ ಹೆಚ್ಚುಕಡಿಮೆ ಯುರೋಪಿನ ಫೈನ್ (ಸಣ್ಣ ಅಗಲ). ಆದರೆ ಕಾಂಜಿಗೂ ಕನ್ನಡಕ್ಕೂ ಒಂದು ಮುಖ್ಯವಾದ ವ್ಯತ್ಯಾಸವಿದೆ. ಕಾಂಜಿಯಲ್ಲಿ ಗೆರೆ ಎಳೆದು, ಪೆನ್ನು ಎತ್ತಿ, ಮತ್ತೊಂದು ಗೆರೆ ಎಳೆಯುತ್ತಾರೆ. ಕನ್ನಡದಲ್ಲಿ ನಾವು ಸುತ್ತುತ್ತೇವೆ. ಅ, ಣ, ಭ, ಜ್ಞ ಬರೆಯುವಾಗ ನಿಬ್ಬು ಕೆಳಕ್ಕೆ ಎಳೆಸಿಕೊಳ್ಳುವಷ್ಟೇ ಮೇಲಕ್ಕೂ ಪಕ್ಕಕ್ಕೂ ತಳ್ಳಿಸಿಕೊಳ್ಳುತ್ತದೆ, ಮತ್ತು ಹೀಗೆ ತಳ್ಳುವಾಗಲೇ ತೀರ ಸೂಕ್ಷ್ಮವಾದ ತುದಿ ಕಾಗದದ ನಾರಿಗೆ ಸಿಕ್ಕಿ ಗೀಚುತ್ತದೆ. ಒತ್ತಕ್ಷರಕ್ಕೆ ಸಣ್ಣ ತುದಿ ಬೇಕು, ಸುತ್ತುಗಳಿಗೆ ದುಂಡಾದ ನುಣುಪು ತುದಿ ಬೇಕು. ಕನ್ನಡದಲ್ಲಿ ಬರೆಯುವವರ ಆಯ್ಕೆ ಈ ಎರಡರ ನಡುವೆ ನಡೆಯುತ್ತದೆ.

ಅಗಲ ಗೊತ್ತುಮಾಡಿಕೊಳ್ಳುವ ಬಗೆ

ನಿಮ್ಮ ಹಳೆಯ ನೋಟ್‌ಬುಕ್ಕಿನ ಒಂದು ಪುಟ ತೆಗೆದು, ಒತ್ತು, ಗುಡಿಸು, ಕೊಂಬುಗಳನ್ನು ಬಿಟ್ಟು ಬರಿಯ ಅಕ್ಷರದ ಎತ್ತರವನ್ನು ಸ್ಕೇಲಿನಿಂದ ಅಳೆಯಿರಿ. ಅದು 3 ಮಿಲಿಮೀಟರಿಗಿಂತ ಕಡಿಮೆಯಿದ್ದರೆ ಜಪಾನಿನ ಫೈನ್ ಸರಿ. 3ರಿಂದ 4 ಮಿಲಿಮೀಟರ್ ಇದ್ದರೆ, ಜಪಾನಿನ ಪೆನ್ನು ತಯಾರಕರಾದ ಪೈಲಟ್‌ನವರು ಫೈನ್-ಮೀಡಿಯಂ ಎಂದೂ ಸೇಲರ್‌ನವರು ಮೀಡಿಯಂ-ಫೈನ್ ಎಂದೂ ಕರೆಯುವ ನಡುವಿನ ಅಗಲ ಅತ್ಯಂತ ಒಪ್ಪುತ್ತದೆ ಎಂಬುದು ನನ್ನ ಖಚಿತ ಅಭಿಪ್ರಾಯ. ಅದಕ್ಕಿಂತ ದೊಡ್ಡದಾಗಿ, ಬಿಡಿಬಿಡಿಯಾಗಿ ಬರೆಯುವವರಿಗೆ ಮೀಡಿಯಂ. ಎಕ್ಸ್‌ಟ್ರಾ ಫೈನ್, ಅದಕ್ಕೂ ಸಣ್ಣದಾದ, ಪ್ಲಾಟಿನಮ್ ಎಂಬ ಇನ್ನೊಂದು ಜಪಾನೀ ಕಂಪನಿಯ ಅಲ್ಟ್ರಾ ಎಕ್ಸ್‌ಟ್ರಾ ಫೈನ್ ಇವೆಲ್ಲ ಪುಸ್ತಕದ ಅಂಚಿನಲ್ಲಿ ಟಿಪ್ಪಣಿ ಬರೆಯುವುದಕ್ಕೆ, ಕರಡು ತಿದ್ದುವುದಕ್ಕೆ, ಲೆಕ್ಕದ ಪುಸ್ತಕಕ್ಕೆ ಒಳ್ಳೆಯವು. ಕನ್ನಡದಲ್ಲಿ ಉದ್ದುದ್ದ ಬರೆಯುವಾಗ ಅವುಗಳ ತುದಿ ಸುತ್ತುಗಳಲ್ಲಿ ಕಾಗದವನ್ನು ಕೆರೆಯುವುದು ಕೈಗೆ ಗೊತ್ತಾಗುತ್ತದೆ, ಅರ್ಧ ಗಂಟೆಯಲ್ಲಿ ಬೆರಳು ಸೋಲುತ್ತದೆ.

ಕಾಗದವನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಬೇಕು. ನಮ್ಮಲ್ಲಿ ದಿನಬಳಕೆಗೆ ಸಿಗುವ ನೋಟ್‌ಬುಕ್ಕುಗಳಲ್ಲಿ ಹಲವು ಶಾಯಿಯನ್ನು ಹೀರಿ ಹರಡಿಸುತ್ತವೆ. ಅಂಥ ಕಾಗದದ ಮೇಲೆ ಫೈನ್ ಗೆರೆ ಮೀಡಿಯಂನಷ್ಟು ದಪ್ಪವಾಗಿ ಕಾಣುತ್ತದೆ, ಹಿಂಬದಿಗೂ ಇಳಿಯುತ್ತದೆ. ಕಚೇರಿಯ ಫೈಲು, ಅರ್ಜಿ, ರಿಜಿಸ್ಟರುಗಳಲ್ಲೇ ಹೆಚ್ಚು ಬರೆಯುವವರು ಮೇಲೆ ಹೇಳಿದ ಅಳತೆಗಿಂತ ಒಂದು ಮೆಟ್ಟಿಲು ಕೆಳಗಿಳಿಯುವುದೇ ಕ್ಷೇಮ.

ದೊಡ್ಡ ಹಣ ಹಾಕುವ ಮುನ್ನ ಅಗಲವನ್ನು ಅಗ್ಗದಲ್ಲಿ ಪರೀಕ್ಷಿಸಿಕೊಳ್ಳಲು ಒಂದು ದಾರಿಯಿದೆ. ಪ್ಲಾಟಿನಮ್‌ನ ಪ್ರೆಪ್ಪಿ ಎಂಬ ಉಕ್ಕಿನ ನಿಬ್ಬಿನ ಪೆನ್ನು 02, 03, 05 ಎಂಬ ಮೂರು ಅಗಲಗಳಲ್ಲಿ ಬರುತ್ತದೆ. ಅವು ಕ್ರಮವಾಗಿ ಎಕ್ಸ್‌ಟ್ರಾ ಫೈನ್, ಫೈನ್, ಮೀಡಿಯಂ. ಪೈಲಟ್‌ನ ಕಾಕುನೋ ಸಹ ಹೀಗೆಯೇ ಒದಗುತ್ತದೆ. ಇವುಗಳಲ್ಲಿ ಎರಡು ಅಗಲಗಳನ್ನು ತಂದು ಒಂದು ತಿಂಗಳು ನಿಮ್ಮದೇ ಕಾಗದದಲ್ಲಿ, ನಿಮ್ಮದೇ ವೇಗದಲ್ಲಿ ಬರೆದರೆ, ಅಂಗಡಿಯ ನುಣುಪಾದ ಪರೀಕ್ಷಾ ಕಾಗದ ಹೇಳದ ಸತ್ಯ ತಿಳಿಯುತ್ತದೆ. ಚಿನ್ನದ ನಿಬ್ಬಿನ ಅನುಭವ ಇವುಗಳಿಂದ ಸಿಗದು. ಅಗಲದ ತೀರ್ಮಾನ ಮಾತ್ರ ಸಿಗುತ್ತದೆ, ಅರ್ಧ ಕೆಲಸ ಅಲ್ಲಿಗೇ ಮುಗಿಯುತ್ತದೆ.

ಕ್ಯಾರೆಟ್ಟಿನ ಲೆಕ್ಕ

ಒಡವೆಯಲ್ಲಿ 916 ಎಂದರೆ 22 ಕ್ಯಾರೆಟ್ ಎಂದು ತಿಳಿದ ನಾವು, ನಿಬ್ಬಿನಲ್ಲೂ ಕ್ಯಾರೆಟ್ ಹೆಚ್ಚಿದಷ್ಟೂ ಮೇಲು ಎಂದು ಸಹಜವಾಗಿಯೇ ಭಾವಿಸುತ್ತೇವೆ. ಪ್ಲಾಟಿನಮ್ ಮತ್ತು ಪೈಲಟ್‌ಗಳ ಹೆಚ್ಚಿನ ನಿಬ್ಬುಗಳು 14 ಕ್ಯಾರೆಟ್ಟಿನವು, ಎಂದರೆ ನೂರರಲ್ಲಿ 58.5 ಪಾಲು ಚಿನ್ನ. ಸೇಲರ್‌ನ ದೊಡ್ಡ ನಿಬ್ಬುಗಳು 21 ಕ್ಯಾರೆಟ್ಟಿನವು, ಅಲ್ಲಿ ಚಿನ್ನ 87.5 ಪಾಲು. ಆದರೆ ಕಾಗದಕ್ಕೆ ತಾಗುವುದು ಚಿನ್ನವೇ ಅಲ್ಲ. ತುದಿಯಲ್ಲಿ ಬೆಸೆದ ಗಡಸು ಮಿಶ್ರಲೋಹದ ಪುಟ್ಟ ಗುಂಡೊಂದು ಕಾಗದಕ್ಕೆ ತಾಗುತ್ತದೆ, ನುಣುಪನ್ನು ನಿರ್ಧರಿಸುವುದು ಅದನ್ನು ಉಜ್ಜಿದ ಕೈಯ ಕೆಲಸ. ಚಿನ್ನದಿಂದ ಆಗುವ ಉಪಕಾರಗಳು ಎರಡು: ಆಮ್ಲವಿರುವ ಶಾಯಿಗೂ ಅದು ತುಕ್ಕು ಹಿಡಿಯದು, ಮತ್ತು ಒತ್ತಿದಾಗ ತುಸು ಬಾಗಿ ಕೊಡುತ್ತದೆ. ಆ ಬಾಗುವಿಕೆಯಾದರೂ ಕ್ಯಾರೆಟ್ಟಿಗಿಂತ ಹೆಚ್ಚಾಗಿ ನಿಬ್ಬಿನ ಗಾತ್ರ, ದಪ್ಪ, ಹೆಗಲಿನ ಆಕಾರಗಳನ್ನು ಅವಲಂಬಿಸಿದೆ. ಸೇಲರ್‌ನ 21 ಕ್ಯಾರೆಟ್ ನಿಬ್ಬು ಕೈಗೆ ಗಟ್ಟಿಯಾಗಿಯೇ ಸಿಗುತ್ತದೆ; ಪ್ಲಾಟಿನಮ್‌ನ 14 ಕ್ಯಾರೆಟ್ ಸಾಫ್ಟ್ ಫೈನ್ ಅದಕ್ಕಿಂತ ಮೃದು. ಆದ್ದರಿಂದ ಕ್ಯಾರೆಟ್ ನೋಡಿ ಹೆಚ್ಚು ಹಣ ಕೊಡುವುದಕ್ಕೆ ಬರವಣಿಗೆಯ ದೃಷ್ಟಿಯಿಂದ ಕಾರಣವಿಲ್ಲ.

ಮೂರು ಮನೆಗಳು, ಮೂರು ಕೈಗುಣ

ಜಪಾನಿನ ದೊಡ್ಡ ಪೆನ್ನು ತಯಾರಕರು ಮೂವರೂ ನೂರು ವರ್ಷ ದಾಟಿದವರು. ಸೇಲರ್ 1911ರಲ್ಲಿ ಹಿರೋಶಿಮಾ ಪ್ರಾಂತ್ಯದ ಬಂದರು ನಗರ ಕುರೆಯಲ್ಲಿ, ಪೈಲಟ್ 1918ರಲ್ಲಿ ನಮಿಕಿ ಎಂಬ ಹೆಸರಿನಿಂದ, ಪ್ಲಾಟಿನಮ್ 1919ರಲ್ಲಿ ಆರಂಭವಾದವು. ಮೂವರೂ ತಮ್ಮ ನಿಬ್ಬುಗಳನ್ನು ತಾವೇ ತಯಾರಿಸುತ್ತಾರೆ. ಬೇರೆಯವರಿಂದ ನಿಬ್ಬು ತರಿಸಿ ಜೋಡಿಸುವ ತಯಾರಕರೂ ಜಗತ್ತಿನಲ್ಲಿ ಅನೇಕರಿರುವಾಗ ಇದು ಸಣ್ಣ ಮಾತಲ್ಲ. ಮೂರು ಮನೆಗಳ ನಿಬ್ಬುಗಳನ್ನು ಕಣ್ಣು ಮುಚ್ಚಿ ಬರೆದರೂ ಗುರುತು ಹಿಡಿಯುವಷ್ಟು ಬೇರೆ ಬೇರೆ ಗುಣ ಅವಕ್ಕೆ ಬಂದಿರುವುದು ಇದರಿಂದಲೇ.

ಪ್ಲಾಟಿನಮ್‌ನ 3776 ಸೆಂಚುರಿ ಹೆಸರು ಪಡೆದದ್ದು ಫುಜಿ ಪರ್ವತದ ಎತ್ತರದಿಂದ, ಮೀಟರುಗಳಲ್ಲಿ. 3776 ಎಂಬ ಮೂಲ ಪೆನ್ನು ಬಂದದ್ದು 1978ರಲ್ಲಿ. ಈಗಿನ ಸೆಂಚುರಿ 2011ರದು. ಇದರ ನಿಬ್ಬು ಅಗಲವಾದ, ಚಪ್ಪಟೆಯಾದ 14 ಕ್ಯಾರೆಟ್ಟಿನದು, ನಡುವೆ ಹೃದಯದಾಕಾರದ ರಂಧ್ರವಿದೆ. ಬರೆಯುವಾಗ ಗಟ್ಟಿ, ಗೆರೆ ಶಿಸ್ತಾಗಿ, ಒಂದೇ ದಪ್ಪದಲ್ಲಿ ಬರುತ್ತದೆ. ಕಾಗದದ ಸ್ಪರ್ಶ ಬೆರಳಿಗೆ ಸ್ವಲ್ಪ ತಿಳಿಯುತ್ತಿರುತ್ತದೆ, ಆದರೆ ತೊಡಕಾಗದು. ಸುಮಾರು 20 ಗ್ರಾಮ್ ತೂಗುವ ಹಗುರ ಪೆನ್ನು ಇದು. ಇದರ ನಿಜವಾದ ಹೆಚ್ಚುಗಾರಿಕೆ ಮುಚ್ಚಳದಲ್ಲಿದೆ. ಒಳಗೆ ಸ್ಪ್ರಿಂಗಿನ ಮೇಲೆ ಕೂತ ಇನ್ನೊಂದು ಪುಟ್ಟ ಮುಚ್ಚಳ ನಿಬ್ಬನ್ನು ಗಾಳಿಯಾಡದಂತೆ ಮುಚ್ಚುತ್ತದೆ. ಬಳಸದೆ ಇಟ್ಟರೂ ಎರಡು ವರ್ಷದವರೆಗೆ ಶಾಯಿ ಒಣಗದು ಎಂದು ಕಂಪನಿ ಹೇಳುತ್ತದೆ. ಎರಡು ವರ್ಷವನ್ನು ನಾನು ಪರೀಕ್ಷಿಸಿಲ್ಲ. ಆದರೆ ಒಂದು ಬೇಸಿಗೆಯ ಆರಂಭದಲ್ಲಿ ಮೇಜಿನ ಖಾನೆಯಲ್ಲಿಟ್ಟು ಮರೆತ ನನ್ನ 3776, ಮಳೆಗಾಲ ಹಿಡಿದ ಮೇಲೆ ಮುಚ್ಚಳ ತೆಗೆದು ಕಾಗದಕ್ಕೆ ತಾಗಿಸಿದ ಕೂಡಲೇ ಮೊದಲ ಗೆರೆಯಿಂದಲೇ ಬರೆಯಿತು. ಕಲಬುರಗಿ, ರಾಯಚೂರು, ಬಳ್ಳಾರಿಗಳ ಒಣ ಬಿಸಿಲಿನಲ್ಲಿರುವವರಿಗೆ, ದಿನವೂ ಬರೆಯಲಾಗದೆ ವಾರಕ್ಕೆರಡು ಸಲ ಪೆನ್ನು ಹಿಡಿಯುವವರಿಗೆ, ಬಣ್ಣ ಬಣ್ಣದ ಶಾಯಿ ತುಂಬಿದ ಎರಡು ಮೂರು ಪೆನ್ನುಗಳನ್ನು ಸರದಿಯ ಮೇಲೆ ಬಳಸುವವರಿಗೆ ನಾನು ಮೊದಲು ಹೇಳುವ ಹೆಸರು ಇದೇ. ಅಗಲದಲ್ಲಿ ಎಚ್ಚರವಿರಲಿ: ಪ್ಲಾಟಿನಮ್ ಫೈನ್ ಬಹಳ ಸಣ್ಣ, ಕನ್ನಡಕ್ಕೆ ಇದರ ಮೀಡಿಯಂ ಹೆಚ್ಚು ಆರಾಮ.

ಸೇಲರ್ ನಿಬ್ಬಿನ ಮಾತೇ ಬೇರೆ. ಚೆನ್ನಾಗಿ ಚೂಪು ಮಾಡಿದ ಪೆನ್ಸಿಲ್ಲನ್ನು ಒಳ್ಳೆಯ ಕಾಗದದ ಮೇಲೆ ಓಡಿಸಿದಾಗ ಬೆರಳಿಗೆ ಸಿಗುವ ಸಣ್ಣ ಕಂಪನವಿದೆಯಲ್ಲ, ಅದು ಈ ನಿಬ್ಬಿನಲ್ಲಿ ಶಾಯಿಯೊಂದಿಗೆ ಬರುತ್ತದೆ. ಇದನ್ನು ಗೀಚುವಿಕೆ ಎಂದು ತಪ್ಪು ತಿಳಿಯುವವರಿದ್ದಾರೆ. ಗೀಚುವ ನಿಬ್ಬು ಒಂದು ದಿಕ್ಕಿನಲ್ಲಿ ಮಾತ್ರ ಕಾಗದಕ್ಕೆ ಸಿಕ್ಕಿಕೊಳ್ಳುತ್ತದೆ. ಸೇಲರ್‌ನ ಸ್ಪರ್ಶ ಎಲ್ಲ ದಿಕ್ಕಿಗೂ ಒಂದೇ ಸಮನಾಗಿರುತ್ತದೆ. ಈ ಸ್ಪರ್ಶದಿಂದ ಕೈಗೆ ಒಂದು ಹತೋಟಿ ಬರುತ್ತದೆ, ವೇಗ ತಾನಾಗಿ ತಗ್ಗುತ್ತದೆ, ಸುತ್ತುಗಳು ಮುಚ್ಚಬೇಕಾದಲ್ಲಿ ಮುಚ್ಚುತ್ತವೆ. ಅವಸರದಲ್ಲಿ ಅಕ್ಷರ ಕೆಡುತ್ತದೆಂದು ಬೇಸರಪಡುವವರಿಗೆ ಸೇಲರ್‌ನ ಮೀಡಿಯಂ-ಫೈನ್ ನಿಬ್ಬನ್ನು ಮನಸಾರೆ ಶಿಫಾರಸು ಮಾಡುತ್ತೇನೆ. ನುಣ್ಣಗೆ ಜಾರುವುದನ್ನೇ ಬಯಸುವವರು ಇದರಿಂದ ದೂರವಿರಬೇಕು. ಇವರ ಪೆನ್ನುಗಳಲ್ಲಿ ಎರಡು ಸಾಲುಗಳಿವೆ: ತುದಿಗಳು ದುಂಡಾದ 1911 ಸಾಲು (ಜಪಾನಿನಲ್ಲಿ ಅದರ ಹೆಸರು ಪ್ರಾಫಿಟ್) ಮತ್ತು ತುದಿಗಳು ಚಪ್ಪಟೆಯಾದ ಪ್ರೊ ಗೇರ್ ಸಾಲು. ಎರಡರಲ್ಲೂ ಸಣ್ಣ ಗಾತ್ರಕ್ಕೆ 14 ಕ್ಯಾರೆಟ್, ದೊಡ್ಡದಕ್ಕೆ 21 ಕ್ಯಾರೆಟ್ ನಿಬ್ಬು. ಪ್ರೊ ಗೇರ್ ಸ್ಲಿಮ್ ಪುಟ್ಟ ಕೈಗೆ ಒಳ್ಳೆಯದು. ಅಗಲ ಅಂಗೈಯವರು ಮುಚ್ಚಳವನ್ನು ಹಿಂದಕ್ಕೆ ಸಿಕ್ಕಿಸದೆ ಅದನ್ನು ಹಿಡಿದು ಬರೆಯುವುದು ಕಷ್ಟ. ಕೊರತೆಯೆಂದರೆ ಇವರ ಕನ್ವರ್ಟರಿನಲ್ಲಿ (ಬಾಟಲಿಯಿಂದ ಶಾಯಿ ಎಳೆದುಕೊಳ್ಳಲು ಪೆನ್ನಿನೊಳಗೆ ಕೂರಿಸುವ ಪುಟ್ಟ ಕೊಳವೆ) ಹಿಡಿಯುವ ಶಾಯಿ ಬಹಳ ಕಡಿಮೆ, ಹೆಚ್ಚು ಬರೆಯುವವರು ಎರಡು ಮೂರು ದಿನಕ್ಕೊಮ್ಮೆ ತುಂಬಿಸಬೇಕಾಗುತ್ತದೆ.

ಸೇಲರ್‌ನವರ ನಾಗಿನಾತಾ ತೋಗಿ ಎಂಬ ವಿಶೇಷ ನಿಬ್ಬಿನ ಹೆಸರನ್ನು ಕೇಳಿರಬಹುದು. ನಿಬ್ಬು ಕುಶಲಕರ್ಮಿ ನೊಬುಯೊಶಿ ನಾಗಹಾರಾ ಅವರ ಕೈಯಲ್ಲಿ ಪ್ರಸಿದ್ಧಿಗೆ ಬಂದ ಇದರ ತುದಿ ಉದ್ದವಾಗಿ, ನಾಗಿನಾತಾ ಎಂಬ ಜಪಾನೀ ಆಯುಧದ ಬಾಗಿದ ಅಲಗಿನಂತೆ ಇಳಿಜಾರಾಗಿದೆ. ಪೆನ್ನನ್ನು ನೆಟ್ಟಗೆ ಹಿಡಿದರೆ ಗೆರೆ ಸಣ್ಣ, ಮಲಗಿಸಿ ಹಿಡಿದರೆ ದಪ್ಪ. ಕಾಂಜಿ ಬರವಣಿಗೆಗೆ ಇದು ಕೊಡುವ ಚೆಲುವು ದೊಡ್ಡದು. ಕನ್ನಡದಲ್ಲಿ ಕೈ ಒಂದೇ ಓಟದಲ್ಲಿ ಸುತ್ತುವುದರಿಂದ ಆ ಚೆಲುವಿನ ಹೆಚ್ಚಿನ ಪಾಲು ಹೊರಬರುವುದಿಲ್ಲ. ದಿನದ ಬರವಣಿಗೆಗೆ ಇಷ್ಟು ಹಣ ಬೇಕಿಲ್ಲ.

ಇನ್ನು ಪೈಲಟ್. ವಿ5 ಪೆನ್ನಿನಿಂದ ನಮ್ಮ ಶಾಲಾ ಮಕ್ಕಳಿಗೂ ಗೊತ್ತಿರುವ ಈ ಹೆಸರಿನ ಮೇಲ್ತುದಿಯಲ್ಲಿ ಕಸ್ಟಮ್ ಎಂಬ ಸಾಲು ಇದೆ, ಅದರ ಸಂಖ್ಯೆಗಳನ್ನು ಓದಲು ಬಂದರೆ ಗೊಂದಲ ಅರ್ಧಕ್ಕರ್ಧ ತೀರುತ್ತದೆ. ಮೊದಲ ಎರಡು ಅಂಕಿಗಳು ಕಂಪನಿಯ ವಯಸ್ಸು: 74 ಎಂದರೆ 1918ರಿಂದ ಎಪ್ಪತ್ತನಾಲ್ಕನೆಯ ವರ್ಷ, 1992. ಮೂರನೆಯ ಅಂಕಿ, ಪೆನ್ನು ಹೊರಬಂದಾಗಿನ ಬೆಲೆ ಹತ್ತು ಸಾವಿರ ಯೆನ್‌ಗಳ ಲೆಕ್ಕದಲ್ಲಿ. ಹಾಗಾಗಿ 743 ಮತ್ತು 823 ಎರಡೂ 30,000 ಯೆನ್‌ಗೆ ಹೊರಬಂದವು, 845 ಬಂದದ್ದು 50,000ಕ್ಕೆ. ಚಿನ್ನದ ಬೆಲೆಯೊಂದಿಗೆ ಇವೆಲ್ಲ ಈಗ ಏರಿವೆ, ಆದರೆ ಒಂದಕ್ಕೊಂದರ ಏರುಪೇರು ಹೆಚ್ಚಾಗಿ ಹಾಗೆಯೇ ಉಳಿದಿದೆ. ಕಸ್ಟಮ್ 74ರಲ್ಲಿ 5ನೇ ಗಾತ್ರದ ನಿಬ್ಬು, 742 ಮತ್ತು 912ರಲ್ಲಿ 10ನೇ ಗಾತ್ರ, 743 ಮತ್ತು 823ರಲ್ಲಿ 15ನೇ ಗಾತ್ರ. ನಿಬ್ಬು ದೊಡ್ಡದಾದಂತೆ ಕೈಗೆ ಸಿಗುವ ಪುಟಿತ ಹೆಚ್ಚುತ್ತದೆ. ಪೈಲಟ್ ನಿಬ್ಬು ಮೂವರಲ್ಲಿ ಅತ್ಯಂತ ನುಣುಪು, ಶಾಯಿಯೂ ಧಾರಾಳ. ಯಾವ ದಿಕ್ಕಿಗೆ ತಳ್ಳಿದರೂ ತಕರಾರಿಲ್ಲದೆ ತಿರುಗುತ್ತದೆ. ಕನ್ನಡದ ಸುತ್ತುಗಳಿಗೆ ಇದು ಹೇಳಿ ಮಾಡಿಸಿದಂತಿದೆ.

743 ಮತ್ತು 823ರ ನಡುವೆ ಹಲವರು ತಿಂಗಳುಗಟ್ಟಲೆ ತೂಗಾಡುತ್ತಾರೆ. ನಿಬ್ಬು ಒಂದೇ ಗಾತ್ರದ್ದು, ವ್ಯತ್ಯಾಸ ಶಾಯಿ ತುಂಬುವ ಬಗೆಯಲ್ಲಿ. 743 ಕನ್ವರ್ಟರಿನದು, ಅದರಲ್ಲಿ ಸುಮಾರು 1 ಮಿಲಿಲೀಟರ್ ಹಿಡಿಯುತ್ತದೆ, ಬಿಚ್ಚಿ ತೊಳೆಯುವುದು ಸುಲಭ. 823ರ ಹಿಂಭಾಗದ ಗುಂಡಿಯನ್ನು ತಿರುಗಿಸಿ ಉದ್ದನೆಯ ದಂಡವನ್ನು ಹೊರಗೆಳೆದು, ನಿಬ್ಬನ್ನು ಶಾಯಿಯಲ್ಲಿ ಅದ್ದಿ ಒಂದೇ ಸಲ ಒಳಕ್ಕೆ ಒತ್ತಿದರೆ, ದಂಡ ಕೊನೆ ಮುಟ್ಟುವ ಕ್ಷಣದಲ್ಲಿ ಒಳಗಿನ ನಿರ್ವಾತ ಶಾಯಿಯನ್ನು ಸರ್ರನೆ ಎಳೆದುಕೊಳ್ಳುತ್ತದೆ. ಕನ್ವರ್ಟರಿನ ಸುಮಾರು ಎರಡರಷ್ಟು ತುಂಬುತ್ತದೆ. ಗುಂಡಿ ಬಿಗಿದಿರುವಾಗ ದಂಡದ ತುದಿಯ ರಬ್ಬರು ಶಾಯಿಯ ದಾರಿಯನ್ನು ಮುಚ್ಚಿರುತ್ತದೆ. ವಿಮಾನದಲ್ಲಿ ಸೋರದಿರಲು ಇದು ಒಳ್ಳೆಯ ಏರ್ಪಾಡು, ಆದರೆ ಉದ್ದ ಬರೆಯುವಾಗ ಗುಂಡಿಯನ್ನು ಎರಡು ಮೂರು ಮಿಲಿಮೀಟರ್ ಸಡಿಲಿಸಿಕೊಳ್ಳದಿದ್ದರೆ ಎರಡನೇ ಪುಟದ ಹೊತ್ತಿಗೆ ಗೆರೆ ಬತ್ತುತ್ತದೆ. ಇದು ತಿಳಿಯದೆ ಪೆನ್ನು ಕೆಟ್ಟಿತೆಂದು ಹಿಂದಿರುಗಿಸಿದವರೂ ಇದ್ದಾರೆ. ದಿನಕ್ಕೆ ನಾಲ್ಕೈದು ಪುಟ ಒಂದೇ ಬಣ್ಣದಲ್ಲಿ ಬರೆಯುವವರಿಗೆ 823. ಬಣ್ಣ ಬದಲಿಸುವ ಆಸೆಯಿರುವವರಿಗೆ, ನಿಬ್ಬಿನಲ್ಲಿ ಹೆಚ್ಚು ಆಯ್ಕೆ ಬೇಕೆನ್ನುವವರಿಗೆ 743. 823 ಸುಮಾರು 30 ಗ್ರಾಮ್ ತೂಗುತ್ತದೆ ಎಂಬುದೂ ನೆನಪಿರಲಿ.

ನಿಬ್ಬಿನ ಆಯ್ಕೆ ಎಂದೆನಲ್ಲ, 742, 743, 912 ಈ ಮೂರರಲ್ಲಿ 15ರಷ್ಟು ಬಗೆಗಳು ಜಪಾನಿನಲ್ಲಿ ದೊರೆಯುತ್ತವೆ. ಅವುಗಳಲ್ಲಿ ಎರಡು ನಮಗೆ ನಿಜವಾಗಿ ಉಪಯುಕ್ತ. ಪೋಸ್ಟಿಂಗ್ ನಿಬ್ಬಿನ ತುದಿ ಕೆಳಕ್ಕೆ ಬಾಗಿದೆ. ಗಟ್ಟಿಯಾಗಿ, ಕಡಿಮೆ ಶಾಯಿಯಲ್ಲಿ, ಬಹಳ ಸಣ್ಣ ಗೆರೆ ಬರೆಯುತ್ತದೆ, ಕೆಟ್ಟ ಕಾಗದದಲ್ಲೂ ಹರಡದು. ವೇವರ್ಲಿ ನಿಬ್ಬಿನ ತುದಿ ಮೇಲಕ್ಕೆ ಬಾಗಿದೆ. ಪೆನ್ನನ್ನು ಹೇಗೆ ಹಿಡಿದರೂ ನುಣುಪಾಗಿ ಸಾಗುತ್ತದೆ, ಬಾಲ್‌ಪೆನ್ನಿಗೆ ಒಗ್ಗಿ ನೆಟ್ಟಗೆ ಹಿಡಿಯುವ ಕೈಗೆ ಇದು ವರ. ಎಫ್‌ಎ ಎಂಬ, ಹೆಗಲುಗಳನ್ನು ಕತ್ತರಿಸಿದ ಮೃದು ನಿಬ್ಬಿನ ಚಿತ್ರಗಳನ್ನು ನೋಡಿ ಮನಸೋಲಬೇಡಿ. ಅದು ನಿಧಾನದ ಅಲಂಕಾರ ಬರವಣಿಗೆಗೆ; ವೇಗವಾಗಿ ಒತ್ತಿ ಬರೆದರೆ ಶಾಯಿ ಸಾಲದೆ ಗೆರೆ ಎರಡಾಗಿ ಸೀಳುತ್ತದೆ.

ಸಭೆಯಲ್ಲಿ, ನ್ಯಾಯಾಲಯದಲ್ಲಿ, ರೋಗಿಯ ಪಕ್ಕದಲ್ಲಿ ನಿಂತು ಎರಡು ಸಾಲು ಬರೆದು ಪೆನ್ನನ್ನು ಜೇಬಿಗಿಡುವ ಕೆಲಸದವರಿಗೆ ಪೈಲಟ್‌ನದೇ ಕ್ಯಾಪ್‌ಲೆಸ್ ಇದೆ. 1963ರಲ್ಲಿ ಮೊದಲು ಬಂದ ಈ ಬಗೆಯಲ್ಲಿ ಮುಚ್ಚಳವೇ ಇಲ್ಲ, ಗುಂಡಿ ಒತ್ತಿದರೆ ನಿಬ್ಬು ಹೊರಬರುತ್ತದೆ, ಇನ್ನೊಮ್ಮೆ ಒತ್ತಿದರೆ ಪುಟ್ಟ ಬಾಗಿಲಿನ ಹಿಂದೆ ಅಡಗುತ್ತದೆ. ಕ್ಲಿಪ್ಪು ನಿಬ್ಬಿನ ಕಡೆಯೇ ಇರುವುದರಿಂದ ಅದು ಹೆಬ್ಬೆರಳು ಮತ್ತು ತೋರುಬೆರಳುಗಳ ನಡುವೆ ಬರುತ್ತದೆ. ಕೆಲವರಿಗೆ ಅದು ಹಿಡಿತಕ್ಕೆ ದಾರಿ, ಕೆಲವರಿಗೆ ಮುಳ್ಳು. ಹಿಡಿದು ನೋಡದೆ ಇದನ್ನು ಕೊಳ್ಳಲೇಬಾರದು.

ಅರಗಿನಂತೆ ಹೊಳೆಯುವ ಉರುಶಿ ಲೇಪದ ಪೆನ್ನುಗಳು, ಪ್ಲಾಟಿನಮ್ ಬಳಗದ ನಕಾಯಾ, ಪೈಲಟ್‌ನ ನಮಿಕಿ, ಕಸ್ಟಮ್ 845 ಇವೆಲ್ಲ ಇನ್ನೂ ಮೇಲಿನ ಹಂತದವು. ಮರದ ಹಾಲಿನಿಂದ ಬರುವ ಆ ಲೇಪದ ಬೆಚ್ಚನೆಯ ಸ್ಪರ್ಶ ಅಪರೂಪದ್ದು ಎಂಬುದನ್ನು ಒಪ್ಪುತ್ತೇನೆ. ಆದರೆ ಹೆಚ್ಚಿನ ಹಣ ಹೋಗುವುದು ಮೈಗೆ; ಬರಹ ಅದೇ ಪ್ರಮಾಣದಲ್ಲಿ ಮೇಲಾಗುವುದಿಲ್ಲ.

ಶಾಯಿ, ನೀರು, ಕೊಳ್ಳುವ ದಿನ

ಮೂವರ ಕಾರ್ಟ್ರಿಡ್ಜುಗಳೂ (ಶಾಯಿ ತುಂಬಿಯೇ ಬರುವ ಕೊಳವೆಗಳು) ಬೇರೆ ಬೇರೆ ಅಳತೆಯವು, ಒಬ್ಬರದು ಇನ್ನೊಬ್ಬರ ಪೆನ್ನಿಗೆ ಕೂರುವುದಿಲ್ಲ. ನಮ್ಮ ಊರುಗಳಲ್ಲಿ ಅವನ್ನು ಹುಡುಕುವುದೂ ಕಷ್ಟವಾದ್ದರಿಂದ ಕನ್ವರ್ಟರ್ ಜೊತೆಗೆ ಬರುತ್ತದೆಯೇ ಎಂದು ಮೊದಲೇ ಕೇಳಿಕೊಂಡು, ಬಾಟಲಿ ಶಾಯಿಯನ್ನೇ ರೂಢಿಸಿಕೊಳ್ಳಿ. ಕಾರ್ಬನ್ ಶಾಯಿ, ಮಿನುಗುಪುಡಿ ಬೆರೆತ ಶಾಯಿಗಳನ್ನು 823ರಂಥ, ಬಿಚ್ಚಿ ತೊಳೆಯಲಾಗದ ಪೆನ್ನಿಗೆ ಹಾಕಬೇಡಿ. ತಿಂಗಳಿಗೊಮ್ಮೆ ತೊಳೆಯುವಾಗ ಬೋರ್‌ವೆಲ್ಲಿನ ಗಡಸು ನೀರು ಬೇಡ, ಅದರ ಸುಣ್ಣ, ನಿಬ್ಬಿಗೆ ಶಾಯಿ ಒಯ್ಯುವ ಫೀಡಿನ ಸಣ್ಣ ಕಾಲುವೆಗಳಲ್ಲಿ ಕೂರುತ್ತದೆ. ಕುಡಿಯಲು ಶೋಧಿಸಿದ ನೀರೇ ಸಾಕು, ಬಿಸಿ ಮಾಡಬಾರದು.

ಭಾರತದಲ್ಲಿ ಕೊಂಡರೆ ಬೆಲೆ ಹೆಚ್ಚು, ಆದರೆ ನಿಬ್ಬಿನ ತಕರಾರಿಗೆ ಕೇಳಲು ಒಂದು ಬಾಗಿಲು ಇರುತ್ತದೆ. ವಿದೇಶದಿಂದ ತರಿಸಿದರೆ ಸುಂಕವನ್ನೂ ಜಿಎಸ್‌ಟಿಯನ್ನೂ ಸೇರಿಸಿಯೇ ಹೋಲಿಸಬೇಕು. ಉಳಿತಾಯ ಹಲವೊಮ್ಮೆ ಅಲ್ಲಿಗೇ ಕರಗುತ್ತದೆ. ಜಪಾನಿಗೆ ಹೋಗುವ ಪರಿಚಿತರಿದ್ದರೆ, ಅಥವಾ ನೀವೇ ಹೋಗುವಿರಾದರೆ, ಟೋಕಿಯೊದ ಗಿಂಜಾದಲ್ಲಿ 1904ರಿಂದ ಇರುವ ಇತೋಯಾದಂಥ ಅಂಗಡಿಯಲ್ಲಿ ಕೂತು ನಿಬ್ಬುಗಳನ್ನು ಬರೆದು ನೋಡುವುದಕ್ಕೆ ಸಮನಾದದ್ದು ಇನ್ನೊಂದಿಲ್ಲ.

ಎಲ್ಲೇ ಆಗಲಿ, ಬರೆದು ನೋಡುವಾಗ ಸಹಿ ಹಾಕಿ ಸುಮ್ಮನಾಗಬೇಡಿ. ನಿಮ್ಮ ನೋಟ್‌ಬುಕ್ಕಿನ ಒಂದು ಹಾಳೆಯನ್ನು ಜೊತೆಗೆ ಒಯ್ಯಿರಿ. "ಸ್ವಾತಂತ್ರ್ಯ", "ಉಜ್ಜ್ವಲ", "ಪಾಠಶಾಲೆ", "ಋಣಾನುಬಂಧ" ಎಂದು ನಿಮ್ಮ ಎಂದಿನ ಅಳತೆಯಲ್ಲಿ ಬರೆಯಿರಿ. ಠಕಾರದ ಚುಕ್ಕೆ ಬಿಡಿಯಾಗಿ ನಿಂತಿದೆಯೇ, ಧಕಾರದ ಸೀಳು ಉಳಿದಿದೆಯೇ, ಣಕಾರದ ಕೊನೆಯ ಸುತ್ತಿನಲ್ಲಿ ನಿಬ್ಬು ಕಾಗದಕ್ಕೆ ಸಿಕ್ಕಿತೇ ಎಂದು ನೋಡಿ. ಆಮೇಲೆ ಪೆನ್ನನ್ನು ಮುಚ್ಚಳ ತೆಗೆದೇ ಒಂದು ನಿಮಿಷ ಮೇಜಿನ ಮೇಲಿಟ್ಟು, ಅದೇ ಪದಗಳನ್ನು ಎರಡರಷ್ಟು ವೇಗದಲ್ಲಿ ಮತ್ತೆ ಬರೆಯಿರಿ. ಮೊದಲ ಅಕ್ಷರ ತಪ್ಪದೆ ಮೂಡಿ, ಎರಡು ಸಾಲುಗಳೂ ಒಂದೇ ತರಹ ಓದಲು ಬಂದರೆ, ಆ ನಿಬ್ಬಿನಲ್ಲಿ ನಿಮಗೆ ಒಪ್ಪುವ ಬಣ್ಣ ಯಾವುದಿದೆ ಎಂದು ಅಂಗಡಿಯವರನ್ನು ಕೇಳಬಹುದು.